ಮೌನ ತಾಳಿದ ಸರ್ವರ್: ದೋಷವನ್ನು ಹುಡುಕುವ ಕ್ರಮ

ಕಾಲುವೆಯ ಕೊನೆಯಲ್ಲಿರುವ ಹೊಲಕ್ಕೆ ನೀರು ಬಾರದೆ ಹೋದರೆ ರೈತನು ಏನು ಮಾಡುತ್ತಾನೆ? ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1972ರಲ್ಲಿ ಪೂರ್ಣಗೊಂಡಿತು. ಅಲ್ಲಿಂದ ಎಡದಂಡೆ, ಬಲದಂಡೆಗಳ ಕಾಲುವೆಗಳು ಹೊರಡುತ್ತವೆ. ಅವು ಕವಲೊಡೆದು ಕಿರುಗಾಲುವೆಗಳಾಗುತ್ತವೆ, ಕಿರುಗಾಲುವೆಗಳು ಹೊಲಗಾಲುವೆಗಳಾಗುತ್ತವೆ. ಕೊನೆಯ ಹೊಲ ಒಣಗಿದಾಗ ಅಣೆಕಟ್ಟನ್ನೇ ಒಡೆದು ಹೊಸದಾಗಿ ಕಟ್ಟಬೇಕೆಂದು ಯಾರೂ ಹೇಳುವುದಿಲ್ಲ. ರೈತನು ಸನಿಕೆಯನ್ನು ಹೆಗಲ ಮೇಲಿಟ್ಟುಕೊಂಡು ಕಾಲುವೆಯ ಗುಂಟ ಮೇಲಕ್ಕೆ ನಡೆಯುತ್ತಾನೆ. ಎಲ್ಲಿಯವರೆಗೆ ನೀರು ಬಂದಿದೆ, ಎಲ್ಲಿಂದ ಮುಂದೆ ಬಂದಿಲ್ಲ ಎಂಬುದನ್ನು ನೋಡುತ್ತಾನೆ. ದೋಷವು ಆ ಎರಡು ಸ್ಥಳಗಳ ನಡುವೆ ಇರಲೇಬೇಕು.

ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ನಾವು ಈ ವಿವೇಕವನ್ನು ಮರೆತುಬಿಡುತ್ತೇವೆ. ಯಂತ್ರವು ನಿನ್ನೆ ಮಾಡಿದ ಕೆಲಸವನ್ನು ಇಂದು ಮಾಡದಿದ್ದರೆ ‘ಫಾರ್ಮ್ಯಾಟ್ ಮಾಡಿಸಿಬಿಡಿ’ ಎಂಬ ಸಲಹೆ ನಾಲ್ಕೂ ಕಡೆಯಿಂದ ಬರುತ್ತದೆ. ಇಲ್ಲವೆ ಯಂತ್ರವನ್ನು ಹೊತ್ತುಕೊಂಡು ಬೆಳಗಾವಿಗೋ ಹುಬ್ಬಳ್ಳಿಗೋ ಹೋಗುವ ಮಾತು ಹೊರಡುತ್ತದೆ. ಆದರೆ ರೈತನ ಪದ್ಧತಿಯೇ ವಿಜ್ಞಾನದ ಪದ್ಧತಿಯೂ ಆಗಿದೆ. ಆಪರೇಟಿಂಗ್ ಸಿಸ್ಟಂ ಅನ್ನು ಹೊಸ ಆವೃತ್ತಿಗೆ ಏರಿಸಿದ ಮೇಲೆ ಸ್ಥಳೀಯ ವೆಬ್ ಸರ್ವರ್ ಒಂದು ಕೆಲಸ ನಿಲ್ಲಿಸಿದರೆ ಆ ಪದ್ಧತಿಯನ್ನು ಹೇಗೆ ಅನ್ವಯಿಸಬೇಕೆಂಬುದನ್ನು ಈ ಪಾಠದಲ್ಲಿ ನೋಡೋಣ.

ಒಂದು ಉದಾಹರಣೆ

ವಿಷಯವು ಸ್ಪಷ್ಟವಾಗುವ ಸಲುವಾಗಿ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ವಿದ್ಯಾರ್ಥಿಗಳು ಕೂಡಿ ತಮ್ಮ ತಮ್ಮ ಹಳ್ಳಿಗಳ ಬಾವಿಗಳಲ್ಲಿ ನಿಂತಿರುವ ನೀರು ಎಷ್ಟು ಅಡಿ ಎಂಬುದನ್ನು ಪ್ರತಿ ತಿಂಗಳೂ ಅಳೆದು ಬರೆದಿಡುತ್ತಿದ್ದಾರೆಂದು ಭಾವಿಸಿರಿ. ಲೆಕ್ಕವೆಲ್ಲ ಬೈಲಹೊಂಗಲದ ಒಂದು ಕಾಲೇಜಿನ ಪ್ರಯೋಗಶಾಲೆಯ ಒಂದೇ ಕಂಪ್ಯೂಟರಿನಲ್ಲಿದೆ. ಅದರಲ್ಲಿ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂ ಇದೆ. ಅದರ ಮೇಲೆ ಅಪಾಚೆ ಎಂಬ ವೆಬ್ ಸರ್ವರ್, ಪಿಎಚ್‌ಪಿ ಎಂಬ ಭಾಷೆಯಲ್ಲಿ ಬರೆದ ಕಾರ್ಯಕ್ರಮ, ಮೈಎಸ್‌ಕ್ಯೂಎಲ್ ಎಂಬ ದತ್ತಸಂಚಯ ಇವು ಕೆಲಸ ಮಾಡುತ್ತಿವೆ. ಆವೃತ್ತಿಯನ್ನು ಏರಿಸಿದ ಮರುದಿನ ಬ್ರೌಸರಿನಲ್ಲಿ ವಿಳಾಸವನ್ನು ಬರೆದರೆ ಬಾವಿಗಳ ಪಟ್ಟಿಗೆ ಬದಲಾಗಿ ಒಂದು ಇಂಗ್ಲಿಷ್ ತಪ್ಪು-ಸೂಚನೆ ಮಾತ್ರ ಕಾಣುತ್ತದೆ.

ಇಲ್ಲಿ ಅಪಾಯದಲ್ಲಿರುವುದೇನು? ಕಂಪ್ಯೂಟರು ಕೆಟ್ಟರೆ ಮತ್ತೊಂದನ್ನು ಕೊಳ್ಳಬಹುದು. ಉಬುಂಟುವನ್ನು ಬಿಟ್ಟಿಯಾಗಿಯೇ ಮತ್ತೆ ಪಡೆಯಬಹುದು. ಆದರೆ ಕಳೆದ ಮೇ ತಿಂಗಳಲ್ಲಿ ಬಾವಿಯಲ್ಲಿದ್ದ ನೀರನ್ನು ಈ ತಿಂಗಳು ಅಳೆಯಲು ಬರುವಂತಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಸುತ್ತಲಿನ ಊರುಗಳಿಗೆ ನೀರು ನುಗ್ಗಿತು. ಅಂಥ ಮಳೆಗಾಲದ ಮುಂಚಿನ ಮತ್ತು ನಂತರದ ಅಳತೆಗಳು ಒಮ್ಮೆ ಅಳಿದರೆ ಅಳಿದಂತೆಯೇ. ಆದುದರಿಂದ ನಮ್ಮ ಮೊದಲನೆಯ ನಿಯಮವಿದು: ಯಂತ್ರವನ್ನು ಸರಿಪಡಿಸುವ ಮುಂಚೆ ಅದರೊಳಗಿನ ದತ್ತಾಂಶವನ್ನು ಕಾಪಾಡಬೇಕು.

ಸ್ಥಳೀಯ ಸರ್ವರ್ ಎಂದರೇನು?

ಸರ್ವರ್ ಎಂಬುದು ಬೇರೊಂದು ಬಗೆಯ ಯಂತ್ರವೆಂದು ಹಲವರು ತಿಳಿದಿರುತ್ತಾರೆ. ವಾಸ್ತವವಾಗಿ ಅದೊಂದು ಕಾರ್ಯಕ್ರಮ. ಯಾರಾದರೂ ಕೇಳಿದಾಗ ಪುಟವನ್ನು ಕೊಡುವುದೇ ಅದರ ಉದ್ಯೋಗ; ಕೇಳುವ ಕೆಲಸ ಬ್ರೌಸರಿನದು. ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು 1990ರಲ್ಲಿ ಮೊದಲನೆಯ ವೆಬ್ ಸರ್ವರನ್ನು ನಡೆಸಿದಾಗ ಅದು ಅವರ ಮೇಜಿನ ಕಂಪ್ಯೂಟರಿನಲ್ಲಿಯೇ ಇತ್ತು. ಯಾರಾದರೂ ತಿಳಿಯದೆ ಆರಿಸಿಯಾರೆಂದು, ಇದು ಸರ್ವರ್, ಇದನ್ನು ಆರಿಸಕೂಡದು ಎಂಬರ್ಥದ ಚೀಟಿಯನ್ನು ಅದಕ್ಕೆ ಅಂಟಿಸಿದ್ದರು. ಅಪಾಚೆ ಸರ್ವರ್ 1995ರಲ್ಲಿ ಹೊರಬಂದಿತು.

ಬ್ರೌಸರು ಮತ್ತು ಸರ್ವರ್ ಒಂದೇ ಯಂತ್ರದಲ್ಲಿಯೂ ಇರಬಹುದು. ಆಗ ಇಂಟರ್‌ನೆಟ್ಟಿನ ಅವಶ್ಯಕತೆಯೇ ಇಲ್ಲ. ಪ್ರತಿಯೊಂದು ಕಂಪ್ಯೂಟರಿಗೂ 127.0.0.1 ಎಂಬ ವಿಳಾಸವು ‘ನಾನೇ’ ಎಂಬ ಅರ್ಥವನ್ನು ಕೊಡುತ್ತದೆ. ಇದರ ಹೆಸರು ಲೋಕಲ್‌ಹೋಸ್ಟ್. ಇನ್ನು ಒಂದೇ ಮನೆಗೆ ಅನೇಕ ಬಾಗಿಲುಗಳಿರುವಂತೆ ಒಂದು ವಿಳಾಸಕ್ಕೆ ಸಂಖ್ಯೆಗಳಿಂದ ಗುರುತಿಸುವ ಅನೇಕ ಪೋರ್ಟುಗಳಿರುತ್ತವೆ. ವೆಬ್ ಸರ್ವರಿಗೆ ರೂಢಿಯಿಂದ ಬಂದ ಬಾಗಿಲು 80ನೆಯದು. ಒಂದು ವಿಳಾಸದ ಒಂದು ಬಾಗಿಲಲ್ಲಿ ಸಾಮಾನ್ಯವಾಗಿ ಒಂದೇ ಕಾರ್ಯಕ್ರಮ ಕಾದು ಕುಳಿತಿರಬಲ್ಲದು ಎಂಬುದನ್ನು ನೆನಪಿನಲ್ಲಿಡಬೇಕು. ಮುಂದೆ ಇದು ಉಪಯೋಗಕ್ಕೆ ಬರುತ್ತದೆ.

ಈಗ ನೀರಿನ ದಾರಿಯನ್ನು ಬಿಡಿಸೋಣ. ಬ್ರೌಸರಿನ ಪ್ರಶ್ನೆಯು ಮೊದಲು ವಿಳಾಸ ಮತ್ತು ಪೋರ್ಟಿಗೆ ತಲುಪುತ್ತದೆ. ಎರಡನೆಯದಾಗಿ ಅಪಾಚೆಯು ಅದನ್ನು ಸ್ವೀಕರಿಸಿ ತಕ್ಕ ಫೈಲನ್ನು ಹುಡುಕುತ್ತದೆ. ಮೂರನೆಯದಾಗಿ ಆ ಫೈಲಿನಲ್ಲಿರುವ ಆಜ್ಞೆಗಳನ್ನು ಪಿಎಚ್‌ಪಿ ನಡೆಸುತ್ತದೆ. ನಾಲ್ಕನೆಯದಾಗಿ ಪಿಎಚ್‌ಪಿಯು ದತ್ತಸಂಚಯವನ್ನು ಕೇಳಿ ಅಳತೆಗಳನ್ನು ಪಡೆಯುತ್ತದೆ. ಉತ್ತರವು ಇದೇ ದಾರಿಯಿಂದ ಹಿಂದಿರುಗಿ ಪರದೆಯ ಮೇಲೆ ಮೂಡುತ್ತದೆ. ನಾಲ್ಕು ಠಾಣೆಗಳ ದಾರಿಯಿದು.

ಆವೃತ್ತಿ ಏರಿದಾಗ ಬದಲಾಗುವುದೇನು?

ಉಬುಂಟುವಿನ ಆವೃತ್ತಿಯ ಸಂಖ್ಯೆಯಲ್ಲಿ ವರ್ಷ ಮತ್ತು ತಿಂಗಳು ಅಡಗಿರುತ್ತವೆ. 20.04 ಎಂದರೆ 2020ರ ಏಪ್ರಿಲಿನದು. ಎರಡು ವರ್ಷಕ್ಕೊಮ್ಮೆ ಬರುವ ದೀರ್ಘಾವಧಿಯ ಆವೃತ್ತಿಗಳಿಗೆ ಐದು ವರ್ಷ ಸಾಮಾನ್ಯ ಬೆಂಬಲ ದೊರೆಯುತ್ತದೆ. 20.04ರ ಸಾಮಾನ್ಯ ಬೆಂಬಲವು 2025ರ ಮೇ ತಿಂಗಳಲ್ಲಿ ಮುಗಿಯಿತು. ಬೆಂಬಲ ಮುಗಿದ ಮೇಲೆ ಸುರಕ್ಷತೆಯ ತಿದ್ದುಪಡಿಗಳು ಎಂದಿನಂತೆ ಬಾರದಿರುವುದರಿಂದ ಆವೃತ್ತಿಯನ್ನು ಏರಿಸುವುದು ಅಗತ್ಯವೇ ಹೊರತು ಶೋಕಿಯಲ್ಲ. ಆದರೆ 20.04ರಿಂದ ನೇರವಾಗಿ 24.04ಕ್ಕೆ ಜಿಗಿಯುವಂತಿಲ್ಲ, 22.04ರ ಮೆಟ್ಟಿಲನ್ನು ಹತ್ತಿಯೇ ಹೋಗಬೇಕು.

ಈ ಮೆಟ್ಟಿಲುಗಳಲ್ಲಿ ಆಪರೇಟಿಂಗ್ ಸಿಸ್ಟಂ ಒಂದೇ ಬದಲಾಗುವುದಿಲ್ಲ. 20.04ರ ಸಂಗಡ ಪಿಎಚ್‌ಪಿ 7.4 ಬರುತ್ತಿತ್ತು, 22.04ರ ಸಂಗಡ 8.1 ಬರುತ್ತದೆ, 24.04ರ ಸಂಗಡ 8.3. ಅಂದರೆ ಠಾಣೆಗಳಲ್ಲಿಯ ಸಿಬ್ಬಂದಿಯೇ ವರ್ಗವಾಗಿ ಹೋಗಿ ಹೊಸಬರು ಬಂದಂತಾಯಿತು. ನಾವು ಬರೆದ ಫೈಲುಗಳೂ ಕೂಡಿಸಿಟ್ಟ ಅಳತೆಗಳೂ ಸಾಮಾನ್ಯವಾಗಿ ಇದ್ದಲ್ಲಿಯೇ ಇರುತ್ತವೆ. ಕೆಡುವುದು ಠಾಣೆ-ಠಾಣೆಗಳ ನಡುವಿನ ಒಪ್ಪಂದ. ಈ ಮಾತನ್ನು ಮನಗಂಡರೆ ಅರ್ಧ ಭಯ ತಾನಾಗಿಯೇ ಹೋಗುತ್ತದೆ.

ರಾಮದುರ್ಗದ ನೇಕಾರನನ್ನು ಕೇಳಿ ನೋಡಿರಿ. ಮಗ್ಗದಲ್ಲಿ ಒಂದು ಎಳೆ ಹರಿದರೆ ಅವನು ಹಾಸನ್ನೇ ಕತ್ತರಿಸಿ ಒಗೆಯುವುದಿಲ್ಲ. ಮಗ್ಗವನ್ನು ನಿಲ್ಲಿಸಿ, ಹರಿದ ತುದಿಯನ್ನು ಹುಡುಕಿ, ಗಂಟು ಹಾಕಿ ಮುಂದೆ ನೇಯುತ್ತಾನೆ. ಫಾರ್ಮ್ಯಾಟ್ ಮಾಡುವುದೆಂದರೆ ಹಾಸನ್ನು ಕತ್ತರಿಸಿದಂತೆ.

ಮೊದಲು ಪ್ರತಿ, ಆಮೇಲೆ ಪರೀಕ್ಷೆ

ಕೈಯಿಡುವ ಮುಂಚೆ ಮೂರು ವಸ್ತುಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದಿಡಬೇಕು. ನಾವು ಬರೆದ ಪುಟಗಳ ಫೋಲ್ಡರು ಒಂದು, ಅಪಾಚೆ ಮತ್ತು ಪಿಎಚ್‌ಪಿಗಳ ವ್ಯವಸ್ಥಾ-ಫೈಲುಗಳು ಎರಡು, ದತ್ತಸಂಚಯವು ಮೂರು. ಮೂರನೆಯದಕ್ಕೆ ಒಂದು ಎಚ್ಚರಿಕೆ ಬೇಕು. ದತ್ತಸಂಚಯವು ನಡೆಯುತ್ತಿರುವಾಗ ಅದರ ಫೈಲುಗಳನ್ನು ಹಾಗೆಯೇ ನಕಲು ಮಾಡಿದರೆ ಅರ್ಧ ಬರೆದ ಸ್ಥಿತಿಯಲ್ಲಿ ಅವು ಸಿಕ್ಕಬಹುದು; ಅಂಥ ನಕಲನ್ನು ನಂಬುವಂತಿಲ್ಲ. ಮೈಎಸ್‌ಕ್ಯೂಎಲ್‌ಡಂಪ್ ಎಂಬ ಸಾಧನದಿಂದ ಎಲ್ಲ ಅಳತೆಗಳನ್ನೂ ಒಂದು ಪಠ್ಯ-ಫೈಲಾಗಿ ಇಳಿಸಿಕೊಳ್ಳುವುದೇ ಸರಿಯಾದ ದಾರಿ. ಆವೃತ್ತಿಯನ್ನು ಏರಿಸುವ ಮುಂಚೆಯೇ ಇದನ್ನು ಮಾಡಿದ್ದರೆ ಉತ್ತಮ. ಮಾಡಿರದಿದ್ದರೆ ಈಗಲಾದರೂ ಮಾಡತಕ್ಕದ್ದು.

ಇದರೊಡನೆ ಒಂದು ನೋಟುಬುಕ್ಕನ್ನು ಇಟ್ಟುಕೊಳ್ಳಿರಿ. ಪ್ರಯೋಗಶಾಲೆಯಲ್ಲಿ ಹೇಗೋ ಹಾಗೆ ಇಲ್ಲಿಯೂ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಬದಲಿಸಿದ್ದನ್ನೂ ಕಂಡ ಫಲವನ್ನೂ ಬರೆದಿಡಬೇಕು. ಫಲ ಕಾಣದಿದ್ದರೆ ಬದಲಾವಣೆಯನ್ನು ಹಿಂತೆಗೆದುಕೊಳ್ಳಬೇಕು. ಐದು ಔಷಧಗಳನ್ನು ಒಮ್ಮೆಲೆ ಕುಡಿದವನಿಗೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಯಾವುದರಿಂದ ಹೊಟ್ಟೆ ಕೆಟ್ಟಿತೆಂಬುದೂ ತಿಳಿಯದು.

ಮೊದಲನೆಯ ಠಾಣೆ: ಬಾಗಿಲು

ಮೊದಲು ಸರ್ವರ್ ಇರುವ ಯಂತ್ರದಲ್ಲಿಯೇ ಬ್ರೌಸರು ತೆರೆದು 127.0.0.1 ಎಂದು ಬರೆದು ನೋಡಿರಿ. ಇಲ್ಲಿ ಪುಟ ಬಂದು, ಪ್ರಯೋಗಶಾಲೆಯ ಬೇರೆ ಯಂತ್ರಗಳಲ್ಲಿ ಮಾತ್ರ ಬಾರದಿದ್ದರೆ ಸರ್ವರಿನ ತಪ್ಪಿಲ್ಲ. ಯಂತ್ರದ ಜಾಲ-ವಿಳಾಸ ಬದಲಾಗಿರಬಹುದು, ಫೈರ್‌ವಾಲ್ ಎಂಬ ಕಾವಲು ತಡೆಯುತ್ತಿರಬಹುದು, ಇಲ್ಲವೆ ಕೇಬಲು ಸಡಿಲಾಗಿರಬಹುದು. ಹೀಗೆ ಒಂದೇ ಪರೀಕ್ಷೆಯಿಂದ ದೋಷದ ಕ್ಷೇತ್ರವು ಅರ್ಧಕ್ಕಿಳಿಯಿತು.

ಅದೇ ಯಂತ್ರದಲ್ಲಿಯೂ ‘ಸಂಪರ್ಕವನ್ನು ನಿರಾಕರಿಸಲಾಗಿದೆ’ ಎಂಬರ್ಥದ ಸೂಚನೆ ಬಂದರೆ, ಬಾಗಿಲಲ್ಲಿ ಯಾರೂ ಕುಳಿತಿಲ್ಲವೆಂದು ತಿಳಿಯಬೇಕು. ಸಿಸ್ಟಮ್‌ಸಿಟಿಎಲ್ ಎಂಬ ಆಜ್ಞೆಯಿಂದ ಅಪಾಚೆಯ ಸ್ಥಿತಿಯನ್ನು ಕೇಳಿರಿ. ಅದು ನಡೆಯುತ್ತಿಲ್ಲವೆಂದು ತಿಳಿದುಬಂದರೆ ಬಹುಶಃ ಎರಡು ಕಾರಣಗಳಿರುತ್ತವೆ.

ಮೊದಲನೆಯದು ವ್ಯವಸ್ಥಾ-ಫೈಲಿನಲ್ಲಿಯ ತಪ್ಪು. ಹಳೆಯ ಪಿಎಚ್‌ಪಿ 7.4ನ್ನು ಜೋಡಿಸು ಎಂಬ ಸಾಲು ಉಳಿದುಕೊಂಡು, ಜೋಡಿಸಬೇಕಾದ ಭಾಗವೇ ಯಂತ್ರದಿಂದ ಹೊರಟುಹೋಗಿದ್ದರೆ ಅಪಾಚೆಯು ಏಳಲು ಒಪ್ಪುವುದಿಲ್ಲ. ಅಪಾಚೆಗೆ ಕಾನ್ಫಿಗ್‌ಟೆಸ್ಟ್ ಎಂಬ ಪರೀಕ್ಷೆಯಿದೆ. ಅದನ್ನು ನಡೆಸಿದರೆ ಯಾವ ಫೈಲಿನ ಎಷ್ಟನೆಯ ಸಾಲಿನಲ್ಲಿ ತಪ್ಪಿದೆ ಎಂಬುದನ್ನು ಅದೇ ಹೇಳುತ್ತದೆ. ಊಹೆ ಮಾಡುವ ಕಷ್ಟವೇ ಇಲ್ಲ. ಓದುವ ತಾಳ್ಮೆ ಬೇಕು, ಅಷ್ಟೆ.

ಎರಡನೆಯದು ಬಾಗಿಲನ್ನು ಬೇರೊಬ್ಬರು ಆಕ್ರಮಿಸಿರುವುದು. ಎಂಜಿನ್‌ಎಕ್ಸ್ ಮುಂತಾದ ಇನ್ನೊಂದು ಸರ್ವರ್ 80ನೆಯ ಪೋರ್ಟಿನಲ್ಲಿ ಮೊದಲೇ ಕುಳಿತಿದ್ದರೆ ಅಪಾಚೆಗೆ ಸ್ಥಳವಿಲ್ಲ. ಉಬುಂಟುವಿನಲ್ಲಿ ಎಸ್‌ಎಸ್ ಎಂಬ ಎರಡಕ್ಷರದ ಆಜ್ಞೆಯು ಯಾವ ಬಾಗಿಲಲ್ಲಿ ಯಾರಿದ್ದಾರೆಂಬುದನ್ನು ತೋರಿಸುತ್ತದೆ. ವಿಂಡೋಸಿನಲ್ಲಿ ಎಕ್ಸ್‌ಎಎಂಪಿಪಿ ಬಳಸುವವರು ಈ ದೋಷವನ್ನು ಚೆನ್ನಾಗಿ ಬಲ್ಲರು. ಅಲ್ಲಿ ವಿಂಡೋಸಿನದೇ ಆದ ವೆಬ್ ಸೇವೆಯು ಜಾಗೃತವಾಗಿ ಬಾಗಿಲನ್ನು ಹಿಡಿದಿರುವುದುಂಟು. ಬೇಡವಾದ ಸೇವೆಯನ್ನು ನಿಲ್ಲಿಸಬೇಕು, ಇಲ್ಲವೆ ಅಪಾಚೆಯನ್ನು 8080ರಂಥ ಬೇರೆ ಬಾಗಿಲಿಗೆ ಕಳಿಸಬೇಕು. ಎರಡನೆಯ ಉಪಾಯವನ್ನು ಹಿಡಿದರೆ ವಿಳಾಸದ ಕೊನೆಗೆ ಆ ಸಂಖ್ಯೆಯನ್ನು ಸೇರಿಸಿ ಬರೆಯಬೇಕಾಗುತ್ತದೆ.

ಎರಡನೆಯ ಠಾಣೆ: ಅಪಾಚೆ

ಪರದೆಯ ಮೇಲೆ ಮೂರಂಕಿಯ ಸಂಖ್ಯೆಯೊಂದು ಬಂದಿತೆಂದರೆ ಸಂತೋಷಪಡಿರಿ! ಬಾಗಿಲಲ್ಲಿ ಯಾರೋ ಇದ್ದಾರೆ, ಮಾತಾಡುತ್ತಿದ್ದಾರೆ ಎಂದಾಯಿತು. ಈ ಸಂಖ್ಯೆಗಳಿಗೆ ನಿಶ್ಚಿತ ಅರ್ಥವುಂಟು. 200 ಎಂದರೆ ಎಲ್ಲವೂ ಸರಿ. 403 ಎಂದರೆ ಪ್ರವೇಶಕ್ಕೆ ಅನುಮತಿಯಿಲ್ಲ. 404 ಎಂದರೆ ಕೇಳಿದ್ದು ಸಿಗಲಿಲ್ಲ. 500 ಎಂದರೆ ಸರ್ವರಿನೊಳಗೆ ಕೆಲಸ ನಡೆಯುವಾಗ ಏನೋ ಮುರಿಯಿತು.

403 ಬಂದಾಗ ಫೋಲ್ಡರುಗಳ ಅನುಮತಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಬೇಕು. ಪುಟಗಳನ್ನು ನಿಮ್ಮ ಸ್ವಂತ ಹೋಮ್ ಫೋಲ್ಡರಿನಲ್ಲಿ ಇಟ್ಟಿದ್ದರೆ ಒಂದು ವಿಶೇಷವನ್ನು ಗಮನಿಸಬೇಕು. ಉಬುಂಟು 21.04ರಿಂದೀಚೆಗೆ ಹೊಸದಾಗಿ ರಚಿತವಾಗುವ ಹೋಮ್ ಫೋಲ್ಡರುಗಳು ಇತರರಿಗೆ ಮುಚ್ಚಿರುತ್ತವೆ. ಅಪಾಚೆಯೂ ಈ ‘ಇತರರಲ್ಲಿ’ ಒಬ್ಬನು. ಕಿತ್ತೂರು ಕೋಟೆಯ ಒಳಗಿನ ಒಂದು ಕೋಣೆ ತೆರೆದಿದ್ದರೂ ಹೊರಬಾಗಿಲು ಮುಚ್ಚಿದ್ದರೆ ಒಳಗೆ ಹೋಗುವುದು ಹೇಗೆ? ಇದಕ್ಕೆ ಎಲ್ಲ ಫೋಲ್ಡರುಗಳನ್ನೂ ಎಲ್ಲರಿಗೂ ಬರೆಯಲು ತೆರೆದುಬಿಡುವುದು ಸುಲಭವಾದ ಉಪಾಯವೆಂದು ತೋರುತ್ತದೆ. ಹಾಗೆ ಮಾಡಕೂಡದು. ಬೀಗ ಸರಿಯಾಗಿ ತೆರೆಯಲಿಲ್ಲವೆಂದು ಗೋಡೆಯನ್ನೇ ಕೆಡವಿದಂತಾಗುತ್ತದೆ. ಪುಟಗಳನ್ನು ಅಪಾಚೆಗೆಂದೇ ಇರುವ ಸ್ಥಳಕ್ಕೆ ಸಾಗಿಸಿ, ಓದುವ ಅನುಮತಿಯನ್ನು ಮಾತ್ರ ಕೊಡುವುದೇ ಲೇಸು.

ನಿಮ್ಮ ಪುಟಕ್ಕೆ ಬದಲಾಗಿ ಅಪಾಚೆಯ ಸ್ವಾಗತ-ಪುಟವು ಕಂಡರೆ, ಅಥವಾ ಮುಖಪುಟವು ತೆರೆದು ಒಳಪುಟಗಳೆಲ್ಲ 404 ಎಂದರೆ, ವ್ಯವಸ್ಥಾ-ಫೈಲು ಬದಲಾಗಿದೆಯೆಂದು ಸಂಶಯಪಡಬೇಕು. ಆವೃತ್ತಿ ಏರಿಸುವಾಗ ಯಂತ್ರವು ನಡುವೆ ಒಂದು ಪ್ರಶ್ನೆ ಕೇಳಿರುತ್ತದೆ: ನೀವು ತಿದ್ದಿದ ಹಳೆಯ ಫೈಲನ್ನು ಉಳಿಸಿಕೊಳ್ಳಲೇ, ಹೊಸದನ್ನು ಹಾಕಲೇ? ಅವಸರದಲ್ಲಿ ‘ಹೊಸದು’ ಎಂದು ಉತ್ತರಿಸಿದ್ದರೆ ನಿಮ್ಮ ತಿದ್ದುಪಡಿಗಳು ಬದಿಗೆ ಸರಿದಿರುತ್ತವೆ. ಅವು ಅಳಿದಿಲ್ಲ. ಹಳೆಯ ಫೈಲು ಅದೇ ಸ್ಥಳದಲ್ಲಿ, ಹೆಸರಿನ ಕೊನೆಗೆ ‘ಡಿಪಿಕೆಜಿ-ಓಲ್ಡ್’ ಎಂಬ ಬಾಲವನ್ನು ಹೊತ್ತು ಕುಳಿತಿರುತ್ತದೆ. ‘ಹಳೆಯದು’ ಎಂದಿದ್ದರೆ ಹೊಸದು ‘ಡಿಪಿಕೆಜಿ-ಡಿಸ್ಟ್’ ಎಂಬ ಬಾಲದೊಡನೆ ಇರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಸಾಲುಸಾಲಾಗಿ ಹೋಲಿಸಿ, ಬೇಕಾದ ಸಾಲುಗಳನ್ನಷ್ಟೇ ಹೊಸದಕ್ಕೆ ಸೇರಿಸಬೇಕು. ಹಳೆಯದನ್ನು ಇಡಿಯಾಗಿ ಹೊಸದರ ಮೇಲೆ ಬಡಿಯುವುದು ಅನೇಕ ಸಲ ಹೊಸ ದೋಷಕ್ಕೆ ಕಾರಣವಾಗುತ್ತದೆ.

ಮೂರನೆಯ ಠಾಣೆ: ಪಿಎಚ್‌ಪಿ

ಪುಟದ ಬದಲು ಕಾರ್ಯಕ್ರಮದ ಸಾಲುಗಳೇ ಪರದೆಯ ಮೇಲೆ ಬಂದರೆ, ಅಥವಾ ಬ್ರೌಸರು ಆ ಫೈಲನ್ನು ಇಳಿಸಿಕೊಳ್ಳಲು ಹೊರಟರೆ, ಅಪಾಚೆಗೂ ಪಿಎಚ್‌ಪಿಗೂ ನಡುವಿನ ಕೊಂಡಿ ಕಳಚಿದೆ ಎಂದರ್ಥ. ಅಡಿಗೆ ಮಾಡುವವನು ಬಾರದೆ, ಬಡಿಸುವವನು ಅಕ್ಕಿಯನ್ನೇ ಎಲೆಗೆ ಹಾಕಿದಂತೆ! ಹೊಸ ಪಿಎಚ್‌ಪಿಯ ಅಪಾಚೆ-ಭಾಗವನ್ನು ಸ್ಥಾಪಿಸಿ, ಎ2ಡಿಸ್‌ಮಾಡ್ ಎಂಬ ಆಜ್ಞೆಯಿಂದ ಹಳೆಯದನ್ನು ಬಿಡಿಸಿ, ಎ2ಎನ್‌ಮಾಡ್ ಎಂಬುದರಿಂದ ಹೊಸದನ್ನು ಜೋಡಿಸಿ, ಅಪಾಚೆಯನ್ನು ಮತ್ತೆ ಆರಂಭಿಸಬೇಕು. ಆಪಲ್ ಕಂಪ್ಯೂಟರುಗಳಲ್ಲಿ ಕತೆ ಸ್ವಲ್ಪ ಬೇರೆ. 2021ರಲ್ಲಿ ಬಂದ ಮಾಂಟೆರೆ ಆವೃತ್ತಿಯಿಂದ ಮ್ಯಾಕ್ಒಎಸ್ಸಿನಲ್ಲಿ ಪಿಎಚ್‌ಪಿ ಒಡಗೂಡಿ ಬರುವುದೇ ನಿಂತಿತು. ಅಲ್ಲಿ ಅದನ್ನು ಪ್ರತ್ಯೇಕವಾಗಿ ತರಬೇಕು.

500 ಎಂಬ ಸಂಖ್ಯೆ ಅಥವಾ ಬಿಳಿಯ ಖಾಲಿ ಪುಟವು ಬಂದರೆ ಲಾಗನ್ನು ಓದಿರಿ. ಅಪಾಚೆಯು ತನ್ನ ದಿನಚರಿಯನ್ನು ತಪ್ಪದೆ ಬರೆಯುತ್ತದೆ. ತಪ್ಪುಗಳಿಗೆಂದೇ ಪ್ರತ್ಯೇಕವಾದ ಎರರ್ ಲಾಗ್ ಇದೆ. ಒಂದು ಕಿಟಕಿಯಲ್ಲಿ ಲಾಗನ್ನು ತೆರೆದಿಟ್ಟು ಇನ್ನೊಂದರಲ್ಲಿ ಪುಟವನ್ನು ಕೇಳಿದರೆ, ಆ ಕ್ಷಣದಲ್ಲಿಯೇ ಕೊನೆಯ ಸಾಲುಗಳು ಮೂಡುವುದನ್ನು ಕಾಣಬಹುದು. ಹಳೆಯ ಪುಸ್ತಕಗಳನ್ನು ನೋಡಿ ಬರೆದ ಕಾರ್ಯಕ್ರಮಗಳಲ್ಲಿ ಈಚಿನ ಪಿಎಚ್‌ಪಿ ಅರಿಯದ ಶಬ್ದಗಳು ಬರುತ್ತವೆ. ಮೈಎಸ್‌ಕ್ಯೂಎಲ್ಲಿನ ಸಂಗಡ ಮಾತಾಡುವ ಹಳೆಯ ಕ್ರಿಯೆಗಳನ್ನು 2015ರಲ್ಲಿ ಬಂದ 7.0ರಲ್ಲಿಯೇ ತೆಗೆದುಹಾಕಲಾಯಿತು. ‘ಈಚ್’ ಮೊದಲಾದ ಇನ್ನು ಕೆಲವನ್ನು 2020ರಲ್ಲಿ ಬಂದ 8.0ರಲ್ಲಿ ತೆಗೆದರು. ಅಂಥ ಶಬ್ದವು ಯಾವ ಸಾಲಿನಲ್ಲಿದೆಯೆಂಬುದನ್ನು ಲಾಗ್ ಹೇಳುತ್ತದೆ.

ಇನ್ನೊಂದು ದೋಷವು ಹಲವರನ್ನು ದಿನಗಟ್ಟಲೆ ಕಾಡುತ್ತದೆ. ಪಿಎಚ್‌ಪಿಯ ವ್ಯವಸ್ಥಾ-ಫೈಲು ಆವೃತ್ತಿಗೊಂದರಂತೆ ಬೇರೆ ಬೇರೆ ಫೋಲ್ಡರಿನಲ್ಲಿರುತ್ತದೆ. ಬಾವಿಯ ಛಾಯಾಚಿತ್ರಗಳನ್ನು ಏರಿಸುವ ಸಲುವಾಗಿ 7.4ರ ಫೈಲಿನಲ್ಲಿ ನೀವು ಮಿತಿಯನ್ನು ಹೆಚ್ಚಿಸಿದ್ದಿರಬಹುದು. 8.1 ಆ ಫೈಲನ್ನು ನೋಡುವುದೇ ಇಲ್ಲ. ತನ್ನದೇ ಫೈಲಿನಲ್ಲಿರುವ 2 ಎಂಬಿಯ ಮೂಲಮಿತಿಯನ್ನು ಪಾಲಿಸುತ್ತದೆ. ಸರ್ವರ್ ಆರೋಗ್ಯವಾಗಿದ್ದು ಚಿತ್ರಗಳು ಮಾತ್ರ ಏರದಿದ್ದರೆ ಇಲ್ಲಿ ನೋಡಿರಿ.

ನಾಲ್ಕನೆಯ ಠಾಣೆ: ದತ್ತಸಂಚಯ

ಪುಟದ ಚೌಕಟ್ಟು ಬಂದು ಅಳತೆಗಳ ಕೋಷ್ಟಕ ಮಾತ್ರ ಖಾಲಿಯಿದ್ದರೆ ಕೊನೆಯ ಠಾಣೆಗೆ ಹೋಗಬೇಕು. ಮೈಎಸ್‌ಕ್ಯೂಎಲ್ ನಡೆಯುತ್ತಿದೆಯೇ ಎಂದು ಮೊದಲು ಕೇಳಬೇಕು. ನಡೆಯುತ್ತಿದ್ದರೆ ಪಿಎಚ್‌ಪಿಯಲ್ಲಿ ಅದರೊಡನೆ ಮಾತಾಡುವ ಭಾಗವಿದೆಯೇ ಎಂದು ನೋಡಬೇಕು. ಈ ಭಾಗವು ಪ್ರತ್ಯೇಕ ಪ್ಯಾಕೇಜು. ಪಿಎಚ್‌ಪಿಯ ಹೊಸ ಆವೃತ್ತಿಗೆ ಹೊಸದೇ ಬೇಕು. ಹಳೆಯದು ಇದ್ದರೆ ಪ್ರಯೋಜನವಿಲ್ಲ.

ಕೋಷ್ಟಕ ಬಂದು ಹಳ್ಳಿಗಳ ಹೆಸರುಗಳು ಮಾತ್ರ ವಿಚಿತ್ರ ಚಿಹ್ನೆಗಳಾಗಿ ಕಂಡರೆ ಗಾಬರಿಯಾಗಬಾರದು. ಈಗಿನ ಯುಟಿಎಫ್-8 ಎಂಬ ಸಂಕೇತದಲ್ಲಿ ಕನ್ನಡದ ಒಂದೊಂದು ಅಕ್ಷರ-ಚಿಹ್ನೆಗೂ ಮೂರು ಬೈಟುಗಳು ಬೇಕು. ‘ಕ’ ಎಂಬ ಅಕ್ಷರವು 224, 178, 149 ಎಂಬ ಮೂರು ಸಂಖ್ಯೆಗಳಾಗಿ ಸಂಗ್ರಹವಾಗುತ್ತದೆ. ಬರೆಯುವವನು ಈ ಮೂರನ್ನು ಕೂಡಿಸಿ ಒಂದು ಅಕ್ಷರವೆಂದು ತಿಳಿದು, ಓದುವವನು ಒಂದೊಂದನ್ನೂ ಪ್ರತ್ಯೇಕ ಐರೋಪ್ಯ ಚಿಹ್ನೆಯೆಂದು ತಿಳಿದರೆ ಒಂದು ‘ಕ’ದ ಸ್ಥಳದಲ್ಲಿ ಸಂಬಂಧವಿಲ್ಲದ ಚಿಹ್ನೆಗಳು ನಿಲ್ಲುತ್ತವೆ. ದತ್ತಾಂಶ ಅಳಿದಿಲ್ಲ, ಓದುವ ಒಪ್ಪಂದ ತಪ್ಪಿದೆ. ಪಿಎಚ್‌ಪಿಯೂ ದತ್ತಸಂಚಯವೂ ಒಂದೇ ಸಂಕೇತವನ್ನು ಬಳಸುವಂತೆ ಮಾಡಿದರೆ ಹೆಸರುಗಳು ಹಿಂದಿರುಗುತ್ತವೆ. ಆದರೆ ಈ ಸ್ಥಿತಿಯಲ್ಲಿ ಯಾವ ಪುಟವನ್ನೂ ತಿದ್ದಿ ಉಳಿಸಬೇಡಿರಿ. ಹಾಗೆ ಮಾಡಿದರೆ ತಪ್ಪು ಚಿಹ್ನೆಗಳೇ ನಿಜವಾದ ದತ್ತಾಂಶವಾಗಿ ನೆಲೆಯೂರುತ್ತವೆ.

ಸದ್ದಿಲ್ಲದ ದೋಷ

ಇಲ್ಲಿಯವರೆಗೆ ಹೇಳಿದ ದೋಷಗಳೆಲ್ಲ ಕೂಗಿ ಹೇಳುವಂಥವು. ನಿಜವಾದ ಅಪಾಯವು ಸುಮ್ಮನಿರುವ ದೋಷದಲ್ಲಿದೆ. ನಮ್ಮ ಉದಾಹರಣೆಯನ್ನೇ ತೆಗೆದುಕೊಳ್ಳೋಣ.

ಬಾವಿಯಲ್ಲಿ ನೀರಿಲ್ಲದಾಗ ಕೆಲವರು 0 ಎಂದು ಬರೆದಿದ್ದಾರೆ. ಕೆಲವರು ‘ಬತ್ತಿದೆ’ ಎಂದು ಅಕ್ಷರದಲ್ಲಿ ಬರೆದಿದ್ದಾರೆ. ಎರಡನ್ನೂ ಬರೆಯಲು ಬರುವಂತೆ ಆ ಕಲಮನ್ನು ಪಠ್ಯವಾಗಿಯೇ ಇಟ್ಟಿದ್ದಾರೆ. ಬತ್ತಿದ ಬಾವಿಗಳನ್ನು ಎಣಿಸುವ ಕಾರ್ಯಕ್ರಮವು ಪ್ರತಿಯೊಂದು ನಮೂದನ್ನೂ ಎರಡು ಸಮಚಿಹ್ನೆಗಳ ಹೋಲಿಕೆಯಿಂದ 0 ಎಂಬ ಸಂಖ್ಯೆಯೊಡನೆ ಹೋಲಿಸುತ್ತದೆ. ಪಿಎಚ್‌ಪಿ 7.4ರವರೆಗೆ, ಅಂಕೆಯಿಂದ ಆರಂಭವಾಗದ ಪಠ್ಯವನ್ನು ಸಂಖ್ಯೆಯೊಡನೆ ಹೀಗೆ ಹೋಲಿಸಿದರೆ ಆ ಪಠ್ಯದ ಬೆಲೆಯನ್ನು 0 ಎಂದು ಎಣಿಸುತ್ತಿದ್ದರು. ಆದುದರಿಂದ ‘ಬತ್ತಿದೆ’ ಎಂಬುದೂ 0ಗೆ ಸಮವಾಗಿ ಎಣಿಕೆಯಲ್ಲಿ ಸೇರುತ್ತಿತ್ತು. ಕಾರ್ಯಕ್ರಮವನ್ನು ಬರೆದವನು ಇದನ್ನು ಯೋಚಿಸಿ ಮಾಡಿದ್ದಲ್ಲ. ಅದು ಅದೃಷ್ಟದಿಂದ ಸರಿಯಾಗಿತ್ತು.

ಪಿಎಚ್‌ಪಿ 8.0ರಲ್ಲಿ ಈ ನಿಯಮ ಬದಲಾಯಿತು. ಪಠ್ಯವು ಸಂಖ್ಯೆಯಂತೆ ಇಲ್ಲದಿದ್ದರೆ, ಸಂಖ್ಯೆಯನ್ನೇ ಪಠ್ಯವನ್ನಾಗಿ ಮಾಡಿ ಹೋಲಿಸಲಾಗುತ್ತದೆ. ‘ಬತ್ತಿದೆ’ ಮತ್ತು ‘0’ ಇವು ಎರಡು ಬೇರೆ ಪಠ್ಯಗಳು. ಆದುದರಿಂದ ಅವು ಸಮವಲ್ಲ. ಹೊಸ ನಿಯಮವೇ ಹೆಚ್ಚು ನ್ಯಾಯವಾದದ್ದು. ಆದರೆ ಫಲವೇನಾಯಿತು? ಪುಟ ತೆರೆಯಿತು, 200 ಬಂದಿತು, ಲಾಗಿನಲ್ಲಿ ಒಂದು ಸಾಲೂ ಇಲ್ಲ. ಆದರೆ ಬತ್ತಿದ ಬಾವಿಗಳ ಸಂಖ್ಯೆ ಒಂದೇ ರಾತ್ರಿಯಲ್ಲಿ ಕಡಮೆಯಾಯಿತು! ಮಳೆ ಬರಲಿಲ್ಲ, ಬಾವಿ ತುಂಬಲಿಲ್ಲ, ಲೆಕ್ಕ ಮಾತ್ರ ತುಂಬಿತು. ಅದನ್ನು ನಂಬಿ ಒಬ್ಬರು ವರದಿ ಬರೆದರೆ, ನೀರಿಲ್ಲದ ಊರಿಗೆ ನೀರಿದೆಯೆಂದು ಹೇಳಿದಂತಾಗುತ್ತದೆ.

ಇದಕ್ಕೆ ಪರಿಹಾರವು ಪ್ರಯೋಗಶಾಲೆಯಲ್ಲಿ ನೀವು ಕಲಿತದ್ದೇ ಆಗಿದೆ. ತಕ್ಕಡಿಯನ್ನು ನಂಬುವ ಮುಂಚೆ ತೂಕ ಗೊತ್ತಿರುವ ಬಟ್ಟನ್ನು ಇಟ್ಟು ನೋಡುತ್ತೇವೆ. ಹಾಗೆಯೇ ಆವೃತ್ತಿಯನ್ನು ಏರಿಸುವ ಮುಂಚೆ, ಉತ್ತರ ಗೊತ್ತಿರುವ ಕೆಲವು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದಿಡಬೇಕು. ಒಟ್ಟು ಬಾವಿಗಳೆಷ್ಟು? ಕಳೆದ ಮೇ ತಿಂಗಳಲ್ಲಿ ಬತ್ತಿದ್ದವು ಎಷ್ಟು? ಒತ್ತಕ್ಷರವಿರುವ ಒಂದು ಹಳ್ಳಿಯ ಹೆಸರು ಹೇಗೆ ಕಾಣುತ್ತದೆ? ಅತ್ಯಂತ ಹಳೆಯ ಮತ್ತು ಅತ್ಯಂತ ಹೊಸ ಅಳತೆಗಳ ದಿನಾಂಕಗಳಾವುವು? ಏರಿಸಿದ ಮೇಲೆ ಅವೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕು. ಉತ್ತರಗಳು ಕೂಡಿದರೆ ಮಾತ್ರ ಕೆಲಸ ಮುಗಿಯಿತೆಂದು ತಿಳಿಯಬೇಕು. ಪುಟ ತೆರೆಯಿತೆಂಬುದು ಆರೋಗ್ಯದ ಒಂದು ಲಕ್ಷಣವಷ್ಟೆ, ಆರೋಗ್ಯವೇ ಅಲ್ಲ.

ಮೂಲದೋಷವನ್ನೂ ತಿದ್ದಬೇಕು. ನೀರಿಲ್ಲದ್ದನ್ನು ಎಲ್ಲರೂ ಒಂದೇ ರೀತಿ ಬರೆಯುವಂತೆ ನಿಯಮ ಮಾಡಬೇಕು. ಅಳೆಯಲು ಹೋಗದ ತಿಂಗಳನ್ನು 0 ಎಂದು ಬರೆಯದೆ ಖಾಲಿಯೇ ಬಿಡಬೇಕು. ಏಕೆಂದರೆ ‘ನೀರಿಲ್ಲ’ ಎಂಬುದೂ ‘ತಿಳಿಯದು’ ಎಂಬುದೂ ಒಂದೇ ಅಲ್ಲ.

ಅಭ್ಯಾಸ

ಈ ವಿದ್ಯೆಯು ಓದಿದರೆ ಬರುವುದಲ್ಲ, ಕೈಯಿಂದ ಬರಬೇಕು. ಅಮೂಲ್ಯ ದತ್ತಾಂಶವಿಲ್ಲದ ಹಳೆಯ ಯಂತ್ರವೊಂದರಲ್ಲಿ ಚಿಕ್ಕ ಸರ್ವರನ್ನು ಕಟ್ಟಿರಿ. ಇಬ್ಬರು ಕೂಡಿರಿ. ಒಬ್ಬನು ಗುಟ್ಟಾಗಿ ಒಂದೇ ಒಂದು ದೋಷವನ್ನು ಮಾಡಲಿ: ವ್ಯವಸ್ಥಾ-ಫೈಲಿನಲ್ಲಿ ಒಂದು ಅಕ್ಷರ ಅಳಿಸಲಿ, ಒಂದು ಫೋಲ್ಡರಿನ ಅನುಮತಿ ತೆಗೆಯಲಿ, ಪಿಎಚ್‌ಪಿಯ ಕೊಂಡಿ ಬಿಡಿಸಲಿ, ಇಲ್ಲವೆ ದತ್ತಸಂಚಯವನ್ನು ನಿಲ್ಲಿಸಲಿ. ಇನ್ನೊಬ್ಬನು ಪರದೆಯ ಸೂಚನೆಯನ್ನು ಓದಿ, ದೋಷವು ಯಾವ ಠಾಣೆಯಲ್ಲಿದೆಯೆಂದು ಮೊದಲು ಬಾಯಿಂದ ಹೇಳಿ, ಕಾರಣವನ್ನೂ ಹೇಳಿ, ಆಮೇಲೆ ಕೀಲಿಮಣೆಯನ್ನು ಮುಟ್ಟಲಿ. ನಾಲ್ಕಾರು ಸಲ ಹೀಗೆ ಮಾಡಿದವನಿಗೆ ಇಂಗ್ಲಿಷ್ ಸೂಚನೆಗಳ ಭಯ ಉಳಿಯುವುದಿಲ್ಲ.

ಕೊನೆಗೆ, ಸರ್ವರ್ ಮತ್ತೆ ಮಾತಾಡತೊಡಗಿದ ಮೇಲೆ ನೋಟುಬುಕ್ಕಿನಲ್ಲಿ ಮೂರು ಸಾಲು ಬರೆಯುವುದನ್ನು ಮರೆಯಬೇಡಿರಿ: ಕಂಡ ಲಕ್ಷಣವೇನು, ಸಿಕ್ಕ ಕಾರಣವೇನು, ಮಾಡಿದ ಪರಿಹಾರವೇನು. ಎರಡು ವರ್ಷಗಳ ಮೇಲೆ ಮುಂದಿನ ಆವೃತ್ತಿ ಬರುತ್ತದೆ. ಆ ಹೊತ್ತಿಗೆ ನೀವು ಬೇರೆ ಊರಿನಲ್ಲಿರಬಹುದು; ಬಾವಿಯ ಲೆಕ್ಕವನ್ನು ನಿಮ್ಮ ತಮ್ಮಂದಿರೋ ತಂಗಿಯರೋ ನೋಡಿಕೊಳ್ಳುತ್ತಿರುತ್ತಾರೆ. ಆ ಮೂರು ಸಾಲುಗಳಿದ್ದರೆ ಅವರು ಯಂತ್ರವನ್ನು ಹೊತ್ತುಕೊಂಡು ಬಸ್ಸು ಹತ್ತಬೇಕಾಗುವುದಿಲ್ಲ.